ಇಲ್ಲದ ಭಾಗದ ಅಳತೆ

ಠಾಣೆಯಿಂದ ಬೋರಿವಲಿ ಕಡೆಗೆ ಘೋಡಬಂದರ್ ರಸ್ತೆಯಲ್ಲಿ ಬಸ್ಸು ಹಿಡಿದವರಿಗೆ ಎಡಕ್ಕೆ ಸಂಜಯ್ ಗಾಂಧಿ ಉದ್ಯಾನದ ಗುಡ್ಡ, ಬಲಕ್ಕೆ ಅಪಾರ್ಟ್‌ಮೆಂಟುಗಳು, ನಡುವೆ ಮೆಟ್ರೋ ಕಂಬಗಳು ಕಾಣುತ್ತವೆ. ಕಾಸರ್ವಡವಲಿ ದಾಟಿ ಗಾಯಮುಖ ಬರುವವರೆಗೂ ಪಕ್ಕದಲ್ಲೇ ನೀರಿದೆ ಎಂಬುದು ಮರೆತೇ ಹೋಗಿರುತ್ತದೆ. ಉಲ್ಲಾಸ ನದಿ ವಸಯಿ ಖಾರಿಯಾಗಿ ಅಗಲವಾಗುವ ಜಾಗ ಅದು. ರಸ್ತೆಯ ಹೆಸರಿನಲ್ಲೇ ಬಂದರು ಇದೆ. ಇದೇ ರಸ್ತೆಯ ಮೇಲಿನ ಇನ್ನೊಂದು ಊರು ನಾಗ್ಲಾ ಬಂದರ್. ಗಾಯಮುಖದಲ್ಲಿ ಈಗ ಜನ ಸಂಜೆ ಗಾಳಿಗೆ ಬರುವ ಚೌಪಾಟಿ ಇದೆ. ಹಿಂದೆ ಈ ದಡಗಳ ಮುಖ್ಯ ಕಸುಬು ಮರಳು ತೆಗೆಯುವುದಾಗಿತ್ತು. 2010ರಲ್ಲಿ ಬಾಂಬೆ ಹೈಕೋರ್ಟು ಮರಳುಗಾರಿಕೆಗೆ ತಡೆ ಹಾಕಿತು. ನದಿಯ ಮಟ್ಟಿಗೆ ಅದು ಆಗಬೇಕಾದದ್ದೇ. ಆದರೆ ಕೆಲಸ ನಿಂತ ದೋಣಿಯಲ್ಲಿ ಎಂಜಿನ್ ಬಹಳ ದಿನ ಉಳಿಯುವುದಿಲ್ಲ.

ಇದೇ ರಸ್ತೆಯ ಒಂದು ಕಟ್ಟಡದ ಒಂಬತ್ತನೇ ಮಹಡಿಯಲ್ಲಿ ಗಂಗೊಳ್ಳಿ ಕಡೆಯ ಒಬ್ಬ ಹಿರಿಯರಿದ್ದಾರೆ. ಮುಂಬಯಿಯ ಗೋದಿಗಳಲ್ಲಿ ಹಡಗು ರಿಪೇರಿಯ ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು. ದಡದಲ್ಲಿ, ಶೆಡ್ಡುಗಳ ಹಿಂದೆ, ಗುಜರಿ ಅಂಗಡಿಗಳಲ್ಲಿ ಬಿದ್ದಿರುವ ಹಳೆಯ ದೋಣಿ ಎಂಜಿನ್‌ಗಳನ್ನು ಅಳೆದು, ಚಿತ್ರ ಬರೆದು, ನೋಟ್‌ಬುಕ್ಕಿನಲ್ಲಿ ದಾಖಲಿಸುವುದು ಅವರ ಈಗಿನ ಕೆಲಸ. ಸಂಬಳವಿಲ್ಲ, ಕೇಳಿದವರೂ ಇಲ್ಲ. "ಇದ್ ಎಂತಕ್ಕೆ ಬೇಕಿತ್ ನಿಮ್ಗೆ? ಅಂಗಿ ತುಂಬ ಗ್ರೀಸ್" ಎಂದು ಹೆಂಡತಿ ಕೇಳುತ್ತಾರೆ. "ಇನ್ನೆರಡ್ ವರ್ಷಕ್ಕೆ ಇದ್ ಇರೂದಿಲ್ಲ ಮಾರಾಯ್ತಿ" ಎನ್ನುವುದು ಅವರ ಉತ್ತರ. ಅಂಗಿ ಒಗೆಯುವವರಿಗೆ ಅದು ಉತ್ತರವೇ ಅಲ್ಲ.

ಆ ನೋಟ್‌ಬುಕ್ಕಿನಲ್ಲಿ ಇರುವ ಭಾಗಗಳಿಗಿಂತ ಇಲ್ಲದ ಭಾಗಗಳಿಗೆ ಹೆಚ್ಚು ಪುಟಗಳಿವೆ. ಹಳೆಯ ಎಂಜಿನ್ ಪೂರ್ತಿಯಾಗಿ ಸಿಗುವುದು ಅಪರೂಪ. ಮತ್ತೆ, ಅದರ ಭಾಗಗಳು ಸುಮ್ಮನೆ ಅಲ್ಲೊಂದು ಇಲ್ಲೊಂದು ಕಳೆದುಹೋಗುವುದಿಲ್ಲ. ಮೊದಲು ಹೋಗುವುದು ಹಿತ್ತಾಳೆ, ತಾಮ್ರ, ಗನ್‌ಮೆಟಲ್: ಎಣ್ಣೆಯ ಬಟ್ಟಲು, ಇಂಧನದ ನಳಿಗೆ, ನೀರಿನ ಪಂಪು, ಹೆಸರಿನ ಪ್ಲೇಟು. ಗುಜರಿಯಲ್ಲಿ ಇವುಗಳಿಗೆ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಬೆಲೆ. ಉಳಿಯುವುದು ಎತ್ತಲಾಗದ ಬೀಡುಕಬ್ಬಿಣದ ದೇಹ ಮತ್ತು ಫ್ಲೈವೀಲ್. ಹಾಗಾಗಿ ಉಳಿದದ್ದನ್ನಷ್ಟೇ ನೋಡಿದವರಿಗೆ ಹಿಂದಿನ ಎಂಜಿನ್‌ಗಳೆಲ್ಲ ಕಬ್ಬಿಣದ ಮುದ್ದೆಗಳಂತೆ ಕಾಣುತ್ತವೆ. ಸೂಕ್ಷ್ಮವಾಗಿದ್ದದ್ದೆಲ್ಲ ಮೊದಲೇ ಕರಗಿ ಹೋಗಿರುತ್ತದೆ.

ಕೆಲವು ಭಾಗಗಳು ಹೋದ ಗುರುತನ್ನೂ ಬಿಡುವುದಿಲ್ಲ. ಹಾಟ್ ಬಲ್ಬ್ ಎಂಜಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಡೀಸೆಲ್ ಎಂಜಿನ್‌ನಲ್ಲಿ ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಹಾಟ್ ಬಲ್ಬ್‌ನಲ್ಲಿ ಒತ್ತಡ ಅಷ್ಟಿರುವುದಿಲ್ಲ. ಸಿಲಿಂಡರಿನ ತಲೆಯ ಮೇಲೆ ಒಂದು ಕಬ್ಬಿಣದ ಬುರುಡೆ ಇರುತ್ತದೆ, ಅದು ಕಾದಿದ್ದರೆ ಮಾತ್ರ ಎಣ್ಣೆ ಉರಿಯುತ್ತದೆ. ಎಂಜಿನ್ ಓಡುತ್ತಿರುವಾಗ ಬುರುಡೆ ತಾನಾಗಿ ಬಿಸಿಯಾಗಿರುತ್ತದೆ. ಆದರೆ ಹೊರಡುವ ಮೊದಲು ಬ್ಲೋಲ್ಯಾಂಪ್ ಹಿಡಿದು ಅದನ್ನು ಕಾಯಿಸಬೇಕು, ಆಮೇಲೆ ಫ್ಲೈವೀಲ್ ತಿರುಗಿಸಬೇಕು. ಬ್ರಿಟನ್ನಿನ ಹರ್ಬರ್ಟ್ ಅಕ್ರಾಯ್ಡ್ ಸ್ಟುವರ್ಟ್ 1890ರಲ್ಲಿ ಈ ಬಗೆಯ ಎಂಜಿನ್‌ಗೆ ಪೇಟೆಂಟ್ ಪಡೆದರು; ಸ್ವೀಡನ್ನಿನ ಬೋಲಿಂಡರ್‌ನಂಥ ಕಂಪನಿಗಳಿಂದ ಅದು ಜಗತ್ತಿನ ಮೀನುಗಾರರ ದೋಣಿಗಳಿಗೆ ಹೋಯಿತು. ಸಿಕ್ಕ ಎಣ್ಣೆಯಲ್ಲಿ ಓಡುತ್ತದೆ ಎನ್ನುವುದೇ ಅದರ ಖ್ಯಾತಿ. ಆ ಬ್ಲೋಲ್ಯಾಂಪ್ ಇಲ್ಲದೆ ಎಂಜಿನ್ ಹೊರಡುವುದೇ ಇಲ್ಲ, ಆದರೂ ಅದನ್ನು ಎಂಜಿನ್‌ಗೆ ಬೋಲ್ಟ್ ಹಾಕಿ ಕೂರಿಸಬೇಕೆಂದಿಲ್ಲ. ಅದು ಹೋದರೆ ಖಾಲಿ ತೂತೂ ಉಳಿಯುವುದಿಲ್ಲ. ಎಷ್ಟು ಹೊತ್ತು ಕಾಯಿಸಬೇಕು, ಬಣ್ಣ ಯಾವ ಹದಕ್ಕೆ ಬಂದರೆ ಸಾಕು ಎಂಬುದು ದೋಣಿಯವನ ಕಣ್ಣಿನಲ್ಲಿತ್ತು. ಆ ಕಣ್ಣಿಗೂ ಈಗ ಪೊರೆ ಬಂದಿದೆ.

ಗುರುತು ಉಳಿಸುವ ಭಾಗಗಳಲ್ಲಿ ಹೆಚ್ಚು ಮಾತಾಡುವುದು ಬೋಲ್ಟಿನ ತೂತು. ಒಳಗಿನ ಥ್ರೆಡ್ಡಿಗೆ ಗೇಜ್ ಹಿಡಿದರೆ ಅರ್ಧ ಕಥೆ ಸಿಗುತ್ತದೆ. ಮುಂಬಯಿಯ ವರ್ಕ್‌ಶಾಪಿನವರು ಇವತ್ತಿಗೂ ನಾಲ್ಕು ಸೂತ್ ಎನ್ನುವ ಅರ್ಧ ಇಂಚಿನ ಬೋಲ್ಟು ವಿಟ್‌ವರ್ಥ್ ಪದ್ಧತಿಯದಾದರೆ ಇಂಚಿಗೆ 12 ಸುತ್ತು, ಕೋನ 55 ಡಿಗ್ರಿ. ಅಮೆರಿಕದ ಪದ್ಧತಿಯದಾದರೆ 13 ಸುತ್ತು, 60 ಡಿಗ್ರಿ. ಮೂರು ಸೂತಿನಲ್ಲಿ ಮೋಸವಿದೆ: ಎರಡೂ ಪದ್ಧತಿಗಳಲ್ಲಿ 16 ಸುತ್ತೇ, ಬೇರೆಯಾಗುವುದು ಕೋನ ಮಾತ್ರ. ಎರಡು ಸುತ್ತು ಸಲೀಸಾಗಿ ಹೋಯಿತೆಂದು ಒತ್ತಾಯ ಮಾಡಿದವರು ಹಳೆಯ ಥ್ರೆಡ್ಡನ್ನೇ ಕೆಡಿಸುತ್ತಾರೆ. ಇಷ್ಟಾದರೂ ವಿಟ್‌ವರ್ಥ್ ಸಿಕ್ಕಿದ ಮಾತ್ರಕ್ಕೆ ಎಂಜಿನ್ ಇಂಗ್ಲೆಂಡಿನದು ಎನ್ನುವಂತಿಲ್ಲ. ಸ್ವೀಡನ್ನಿನವರೂ ಅದನ್ನೇ ಬಳಸುತ್ತಿದ್ದರು, ನಮ್ಮ ಕಾರ್ಖಾನೆಗಳೂ ಬಳಸಿದವು.

ಜೋಸೆಫ್ ವಿಟ್‌ವರ್ಥ್ ಆ ಅಳತೆಯನ್ನು ಮುಂದಿಟ್ಟದ್ದು 1841ರಲ್ಲಿ. ಅದೇ ವರ್ಷ ಮುಂಬಯಿಯ ಅರ್ದೇಶೀರ್ ಕರ್ಸೆಟ್‌ಜಿ ವಾಡಿಯಾ ಲಂಡನ್ನಿನ ರಾಯಲ್ ಸೊಸೈಟಿಗೆ ಆಯ್ಕೆಯಾದ ಮೊದಲ ಭಾರತೀಯರಾದರು. ಹಡಗು ಕಟ್ಟುವ ಮನೆತನದಲ್ಲಿ ಹುಟ್ಟಿದರೂ ಅವರ ಮನಸ್ಸು ಹಾಯಿಗಿಂತ ಹಬೆಯ ಮೇಲಿತ್ತು. ಮೊದಲು ಒಂದು ಅಶ್ವಶಕ್ತಿಯ ಪುಟ್ಟ ಹಬೆ ಎಂಜಿನ್ನನ್ನು ತಾವೇ ಮಾಡಿದರು. 1833ರಲ್ಲಿ ಇಂಗ್ಲೆಂಡಿನಿಂದ ತರಿಸಿದ ಎಂಜಿನ್ನನ್ನು 'ಇಂಡಸ್' ಎಂಬ ಸಣ್ಣ ಹಡಗಿಗೆ ಕೂರಿಸಿದರು. ಆ ಕಾಲದಲ್ಲಿ ಒಂದೊಂದು ಕಾರ್ಖಾನೆಗೆ ಒಂದೊಂದು ಥ್ರೆಡ್ಡು. ನಟ್ಟು ತನ್ನ ಬೋಲ್ಟಿಗಷ್ಟೇ ಹೆಂಡತಿ, ಪಕ್ಕದ ಬೋಲ್ಟಿಗೆ ಕೂರುವುದಿಲ್ಲ. ಲಂಡನ್ನಿನ ಎಂಜಿನ್ನಿನ ಒಂದು ನಟ್ಟು ಮುಂಬಯಿಯ ಬಂದರಿನ ಕೆಸರಿಗೆ ಬಿದ್ದರೆ ಪೇಟೆಯಲ್ಲಿ ಕೊಳ್ಳುವ ಮಾತಿಲ್ಲ. ಒಳಗಿನ ಗೆರೆ ನೋಡಿ ಹೊಸದನ್ನೇ ಕತ್ತರಿಸಬೇಕು. ಇಲ್ಲದ ಭಾಗವನ್ನು ಅದರ ತೂತಿನಿಂದ ಅರ್ಥ ಮಾಡಿಕೊಳ್ಳುವ ವಿದ್ಯೆ ಈ ಕರಾವಳಿಗೆ ಹೊಸತಲ್ಲ, ಹವ್ಯಾಸವೂ ಆಗಿರಲಿಲ್ಲ. 1969ರಲ್ಲಿ ಅರ್ದೇಶೀರರ ಅಂಚೆಚೀಟಿ ಬಂತು. ಅಂಥ ಎಂಜಿನ್ನುಗಳ ಪಕ್ಕ ಕೂತು ನಟ್ಟು ಕತ್ತರಿಸಿದವರ ಹೆಸರು ಯಾವ ಚೀಟಿಯಲ್ಲೂ ಬರುವುದಿಲ್ಲ.

ಫಿಟ್ಟರ್ ಹಿರಿಯರಿಗೆ ಒಂದು ಹಟವಿದೆ. ಹಳೆಯ ಎಂಜಿನ್ನುಗಳಿಗೆ ಬಣ್ಣ ಬಳಿದು ಹೊಳೆಯಿಸುವವರು ಮೊದಲು ಕಿತ್ತೆಸೆಯುವುದು 'ಒರಿಜಿನಲ್' ಅಲ್ಲದ ಭಾಗಗಳನ್ನು. ಲಾರಿಯ ಟ್ಯೂಬ್ ಕತ್ತರಿಸಿ ಮಾಡಿದ ಗ್ಯಾಸ್ಕೆಟ್, ನೀರಿನ ಪೈಪಿನಿಂದ ಮಾಡಿದ ಹಿಡಿಕೆ, ಬೇರೆ ಪಂಪಿನಿಂದ ಬಿಚ್ಚಿ ತಂದು ಬೆಸುಗೆ ಹಾಕಿದ ಕೊಳವೆ, ಇವೆಲ್ಲ ಅವರ ಕಣ್ಣಿಗೆ ಕಸ. ಹಿರಿಯರು ಅವನ್ನೇ ಹೆಚ್ಚು ಎಚ್ಚರದಿಂದ ಬರೆದುಕೊಳ್ಳುತ್ತಾರೆ. ಅದು ಸರಿಯೇ. ಕಾರ್ಖಾನೆಯಲ್ಲಿ ಮಾಡಿದ ಭಾಗದ ಚಿತ್ರ ಪರದೇಶದ ಯಾವುದೋ ಕ್ಯಾಟಲಾಗಿನಲ್ಲಿ ಸಿಕ್ಕರೂ ಸಿಗಬಹುದು. ನಾಗ್ಲಾ ಬಂದರಿನಲ್ಲಿ ಮಳೆಗಾಲದ ಮೊದಲು, ಸಾಮಾನು ಸಿಗದೆ, ಗಿರಾಕಿ ಕಾಯುತ್ತಿದ್ದಾಗ ಯಾರೋ ಮಾಡಿದ ಕೊಳವೆ ಇನ್ನೆಲ್ಲೂ ಇಲ್ಲ.

ಹಾಗೆಯೇ, ಇಲ್ಲದ್ದನ್ನು ಊಹಿಸಿ ಚಿತ್ರದಲ್ಲಿ ತುಂಬಿಸುವುದೂ ಅವರಿಗೆ ಆಗದು. ಇರುವುದಕ್ಕೆ ಗಟ್ಟಿ ಗೆರೆ, ಬದಲಾಗಿರುವುದಕ್ಕೆ ಕೆಂಪು ಗೆರೆ. ಇಲ್ಲದ್ದರ ಜಾಗ ಖಾಲಿ, ಸುತ್ತ ಅಳತೆ. ಕೈ ಸುಮ್ಮನಿರುವುದಿಲ್ಲ, ಒಂದು ಪಂಪನ್ನು ಅಲ್ಲಿ ಬರೆದುಬಿಡೋಣ ಅನ್ನಿಸುತ್ತದೆ. ಬರೆದರೆ ಮುಂದೆ ನೋಡುವವರು ಅದನ್ನು ಕಂಡದ್ದೆಂದೇ ನಂಬುತ್ತಾರೆ.

ಕಳೆದ ಬೇಸಿಗೆಯಲ್ಲಿ ಅಳೆದ ಒಂದು ಸಿಲಿಂಡರಿನ ಎಂಜಿನ್ನು ಮಳೆಗಾಲದ ನಂತರ ಅಲ್ಲಿರಲಿಲ್ಲ. ಅದು ಇದ್ದ ಜಾಗದಲ್ಲಿ ಎಣ್ಣೆಯ ಕಪ್ಪು ಮಣ್ಣು, ಹೊಸ ಹುಲ್ಲು. ನೋಟ್‌ಬುಕ್ಕಿನಲ್ಲಿ ಅದಕ್ಕೆ ಹನ್ನೊಂದು ಪುಟಗಳಿವೆ. ಕೊನೆಯ ಪುಟದಲ್ಲಿ ಒಂದು ಆಯತ, ಮೂಲೆಗಳಲ್ಲಿ ನಾಲ್ಕು ರಿವೆಟ್ ತೂತು, ತೂತಿನಿಂದ ತೂತಿಗೆ ಅಳತೆ. ಎಂದಾದರೂ ಎಲ್ಲಾದರೂ ಅದೇ ಬಗೆಯ ಎಂಜಿನ್ನು ಹೆಸರಿನ ಪ್ಲೇಟಿನ ಸಮೇತ ಸಿಕ್ಕರೆ, ಈ ನಾಲ್ಕು ತೂತುಗಳು ಹೊಂದುತ್ತವೆಯೇ ಎಂದು ನೋಡಬಹುದು. ಆಯತದ ಒಳಗೆ ಪೆನ್ಸಿಲ್ಲಿನಲ್ಲಿ ಬರೆದದ್ದು ಇಷ್ಟೇ: ಪ್ಲೇಟು ಇಲ್ಲ.