ಗಾಂಧಾರ ಎಲ್ಲೋ?

2 ಫೆಬ್ರವರಿ 2025, ಭಾನುವಾರ

ಮೈಕನ್ನು ಹಳೇ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಬ್ಯಾಟರಾಯನಪುರದಲ್ಲಿ, ಅದೂ ಬಳ್ಳಾರಿ ರಸ್ತೆಯಿಂದ ಎರಡೇ ಅಡ್ಡರಸ್ತೆ ಒಳಗೆ ಮನೆ ಮಾಡಿಕೊಂಡು, ಮೈಕಿಟ್ಟು ಗಿಟಾರ್ ರೆಕಾರ್ಡ್ ಮಾಡುತ್ತೇನೆ ಅಂತ ಹಟ ಹಿಡಿದದ್ದು ನನ್ನದೇ ತಪ್ಪು. ಹಗಲೆಲ್ಲ ಏರ್‌ಪೋರ್ಟ್ ಬಸ್ಸು, ರಾತ್ರಿ ಮೆಟ್ರೊ ಕಾಮಗಾರಿ. ನಡುವೆ ಒಂದು ಗಳಿಗೆ ಸದ್ದಡಗಿತೋ, ಜಕ್ಕೂರಿನ ಪುಟ್ಟ ವಿಮಾನ ತಲೆಯ ಮೇಲೆ. ಹೋದ ತಿಂಗಳ ಹದಿನಾಲ್ಕು ಟೇಕ್‌ಗಳಲ್ಲಿ ಒಂದರಲ್ಲಿ ಮಾತ್ರ ವಾಹನದ ಸದ್ದಿಲ್ಲ. ಅದರಲ್ಲಿ ಸೊಪ್ಪಿನವಳಿದ್ದಾಳೆ.

ಸೆಕೆಂಡ್ ಹ್ಯಾಂಡಲ್ಲಿ ಸಿಕ್ಕ ವೈರ್‌ಲೆಸ್ ಮಿಡಿ ಪಿಕಪ್ಪನ್ನು ಇವತ್ತು ಎಲೆಕ್ಟ್ರಿಕ್ ಗಿಟಾರಿಗೆ ಕೂರಿಸಿದೆ. ಬ್ರಿಡ್ಜಿನ ಪಕ್ಕ ಒಂದು ತೆಳ್ಳನೆಯ ಪಟ್ಟಿ, ಅಷ್ಟೇ. ಮಾಮೂಲಿ ಪಿಕಪ್ಪು ಆರೂ ತಂತಿಯ ಸದ್ದನ್ನು ಕಲಸಿ ಕಳಿಸುತ್ತದೆ. ಇದು ಒಂದೊಂದು ತಂತಿಗೂ ಒಂದೊಂದು ಕಿವಿ ಇಟ್ಟಿದೆ. ಯಾವ ಸ್ವರ, ಎಷ್ಟು ಜೋರು, ಯಾವಾಗ ನಿಂತಿತು ಎಂಬುದನ್ನು ಅಂಕಿಗಳಾಗಿ ಕಂಪ್ಯೂಟರಿಗೆ ಮುಟ್ಟಿಸುತ್ತದೆ. ಅಲ್ಲಿ ಅದು ಕೊಳಲೂ ಆಗಬಹುದು, ಪಿಟೀಲೂ ಆಗಬಹುದು. ಸದ್ದೇ ಒಳಗೆ ಹೋಗುವುದಿಲ್ಲ, ಹಾಗಾಗಿ ಬಳ್ಳಾರಿ ರಸ್ತೆಯೂ ಹೋಗುವುದಿಲ್ಲ. ನನಗೆ ಬೇಕಾದ್ದು ಅದೇ.

4 ಫೆಬ್ರವರಿ, ರಥಸಪ್ತಮಿ

ಎಕ್ಕದೆಲೆ ಸ್ನಾನ ಮುಗಿಸಿ ಅತ್ತೆ ಬಂದರು. ಅಪ್ಪನ ಅಕ್ಕ, ಮೈಸೂರಿನಲ್ಲಿ ವೀಣೆ ಕಲಿತವರು. ಈಗ ಬೆರಳು ನೋಯುತ್ತದೆ ಅಂತ ನುಡಿಸುವುದಿಲ್ಲ, ಕಿವಿ ಮಾತ್ರ ಹಾಗೇ ಇದೆ. ಹೆಡ್‌ಫೋನ್ ಹಾಕಿ ಕೂರಿಸಿ, ಕೊಳಲಿನ ದನಿ ಇಟ್ಟುಕೊಂಡು ನಾಲ್ಕು ಸಾಲು ತೋಡಿ ರಾಗ ನುಡಿಸಿದೆ.

"ಗಾಂಧಾರ ಎಲ್ಲೋ?"

"ನುಡಿಸಿದೆನಲ್ಲ ಅತ್ತೆ."

"ಏನು ನುಡಿಸಿದ್ಯೋ. ಹಾರ್ಮೋನಿಯಂ ಥರ ಕೇಳ್ತು. ಇನ್ನೂ ಒಂದು ಹೇಳ್ತೀನಿ, ನೀನು ಮೀಟ್ತೀಯ, ಅದು ಸ್ವಲ್ಪ ಯೋಚನೆ ಮಾಡಿ ಆಮೇಲೆ ಹಾಡತ್ತೆ ಕಣೋ."

ಎರಡೂ ನಿಜ. ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವ ಸ್ವರವಲ್ಲ, ತೂಗಾಡುತ್ತಲೇ ಇರಬೇಕು. ವೀಣೆಯಲ್ಲಿ ಒಂದೇ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ತೂಗುತ್ತಾರೆ. ನಾನೂ ಎಳೆದೆ, ಆದರೆ ಯಂತ್ರ ನಾನೆಳೆದದ್ದನ್ನು ಹತ್ತಿರದ ಸ್ವರಕ್ಕೆ ದುಂಡು ಮಾಡಿ ಮೆಟ್ಟಿಲು ಮೆಟ್ಟಿಲಾಗಿ ಒಪ್ಪಿಸಿದೆ. ಮಿಡಿ 1983ರದು, ಕೀಬೋರ್ಡಿನವರು ಕೂತು ಕಟ್ಟಿದ ಭಾಷೆ. ಸ್ವರಕ್ಕೊಂದು ಕೀಲಿ, ಕೀಲಿಗೊಂದು ಅಂಕಿ. ಎರಡು ಕೀಲಿಗಳ ನಡುವೆ ಏನಿದೆ ಅನ್ನುವುದಕ್ಕೆ ಬೇರೆ ಏರ್ಪಾಡು ಬೇಕು. ಇದೇ ಜಗಳಕ್ಕೆ ತಾನೇ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಪೆಟ್ಟಿಗೆಯನ್ನು ಬಾಗಿಲಾಚೆ ಇಟ್ಟದ್ದು!

ಯಂತ್ರ ಅಂದರೆ ಅತ್ತೆಗೆ ಮುನಿಸೇನೂ ಇಲ್ಲ. ಅವರ ದೇವರ ಮನೆಯಲ್ಲಿರುವುದು ರಾಡೆಲ್ ತಂಬೂರಿ ಪೆಟ್ಟಿಗೆ. ಅದನ್ನು ರೂಪಿಸಿದ ಜಿ. ರಾಜನಾರಾಯಣ್ ಇದೇ ಬೆಂಗಳೂರಿನವರು. ಕೊಳಲು ವಾದಕರು, ಎಚ್‌ಎಎಲ್‌ನಲ್ಲಿ ಇಂಜಿನಿಯರ್ ಆಗಿದ್ದವರು. "ಅದು ಶ್ರುತಿ ಹಿಡಿಯತ್ತೆ, ಸುಮ್ಮನಿರತ್ತೆ. ನಿಂದು ಮಧ್ಯೆ ಬಾಯಿ ಹಾಕತ್ತೆ" ಅಂದರು.

6 ಫೆಬ್ರವರಿ, ಗುರುವಾರ. ರಾತ್ರಿ ಒಂದೂವರೆ

ಸಿಕ್ಕಿತು. ಮೂರು ಕಡೆ ತಪ್ಪಿತ್ತು.

ಮೊದಲನೆಯದು, ಆರು ತಂತಿಯೂ ಒಂದೇ ಚಾನೆಲ್ಲಿನಲ್ಲಿದ್ದವು. ಪಿಚ್ ಬೆಂಡ್ ಎಂಬ ಸಂದೇಶ ಇಡೀ ಚಾನೆಲ್ಲನ್ನೇ ಎಳೆಯುತ್ತದೆ. ಒಂದು ತಂತಿ ಎಳೆದರೆ ಮಿಕ್ಕ ಐದೂ ಜೊತೆಗೆ ಹೊರಟುಬಿಡುತ್ತವೆ. ತಂತಿಗೊಂದು ಚಾನೆಲ್ ಕೊಟ್ಟೆ. ಎರಡನೆಯದು, ದುಂಡು ಮಾಡುವ ಚಾಳಿಯನ್ನು ನಿಲ್ಲಿಸಿದೆ. ಮೂರನೆಯದೇ ತಲೆ ತಿಂದದ್ದು. ಗಿಟಾರಿನ ಕಡೆ ಬೆಂಡ್ ವ್ಯಾಪ್ತಿ 12 ಸೆಮಿಟೋನ್ ಇಟ್ಟಿದ್ದೆ, ಕೊಳಲಿನ ದನಿ ಕೊಡುವ ಸಾಫ್ಟ್‌ವೇರಿನಲ್ಲಿ ಮಾಮೂಲಿ 2 ಹಾಗೇ ಉಳಿದಿತ್ತು. ನಾನು ಎರಡು ಸೆಮಿಟೋನ್ ಎಳೆದರೆ ಕೇಳುವುದು ಒಂದರ ಮೂರನೇ ಒಂದು ಭಾಗ. ಗಂಟೆಗಟ್ಟಲೆ ಬೆರಳನ್ನೇ ಬೈದುಕೊಂಡೆ, ಪಾಪ.

ಯೋಚನೆ ಮಾಡುವ ಚಾಳಿಗೆ ಪೂರ್ತಿ ಮದ್ದಿಲ್ಲ. ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಒಂದು ಕಂಪನಕ್ಕೇ 12 ಮಿಲಿಸೆಕೆಂಡು ಬೇಕು. ಅದನ್ನು ಕಾಣದೆ ಯಂತ್ರವಾದರೂ ಸ್ವರವನ್ನು ಹೇಗೆ ಹೇಳೀತು? ತೆಳು ತಂತಿಗೆ ಮೂರೇ ಮಿಲಿಸೆಕೆಂಡು ಸಾಕು. ಹಾಗಾಗಿ ಮಂದ್ರದ ಸಾಲನ್ನೂ ತೆಳು ತಂತಿಯಲ್ಲೇ ನುಡಿಸಿ, ಕಂಪ್ಯೂಟರಿನಲ್ಲಿ ಒಂದು ಸ್ಥಾಯಿ ಕೆಳಗಿಳಿಸಿದೆ. ಕಳ್ಳದಾರಿ, ಆದರೆ ನಡೆಯುತ್ತದೆ.

ಜಾನ್ ಮೆಕ್‌ಲಾಫ್ಲಿನ್ ನೆನಪಾದರು. ವೀಣೆ ಕಲಿತ ಗಿಟಾರಿಗ ಆತ. ಚೆನ್ನೈಯಲ್ಲಿ ರೆಕಾರ್ಡ್ ಮಾಡಿ 2008ರಲ್ಲಿ ಹೊರತಂದ 'ಫ್ಲೋಟಿಂಗ್ ಪಾಯಿಂಟ್'ನಲ್ಲಿ ಗಿಟಾರ್ ಸಿಂಥ್ ಬಳಸಿದ್ದಾರೆ. ಬೆರಳು ಅಷ್ಟು ಚೊಕ್ಕಟವಾಗಿದ್ದರೆ ಯಂತ್ರಕ್ಕೆ ಗೊಂದಲವೇ ಇರುವುದಿಲ್ಲ. ನನ್ನ ಬಲಗೈ ಪಕ್ಕದ ತಂತಿಗೆ ಚೂರು ತಾಕಿದರೂ ಎಲ್ಲಿಂದಲೋ ಒಂದು ದೆವ್ವದ ಸ್ವರ ಬಂದು ಕೂರುತ್ತದೆ. ಇಪ್ಪತ್ತು ವರ್ಷದಿಂದ ಆಂಪ್ಲಿಫೈಯರ್ ಮುಚ್ಚಿಟ್ಟ ಕೊಳೆಯೆಲ್ಲ ಈಗ ಪರದೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕಾಣುತ್ತಿದೆ.

10 ಫೆಬ್ರವರಿ, ಸೋಮವಾರ

ಏರೋ ಇಂಡಿಯಾ ಶುರು. ಯಲಹಂಕದಿಂದ ಎದ್ದ ಫೈಟರ್‌ಗಳು ಕಿಟಕಿ ಗಾಜು ನಡುಗಿಸಿಕೊಂಡು ಹೋಗುತ್ತಿವೆ. ಎಲ್ಲರೂ ತಾರಸಿ ಮೇಲೆ. ಹದ್ದುಗಳು ಬರುತ್ತವೆಂದು 13 ಕಿಲೋಮೀಟರ್ ಸುತ್ತ ಮಾಂಸದಂಗಡಿಯೂ ಮುಚ್ಚಿದೆ. 17ರವರೆಗೆ ಕೋಳಿ ಇಲ್ಲ. ನಾನೊಬ್ಬ ಕೋಣೆಯೊಳಗೆ ಹೆಡ್‌ಫೋನ್ ಹಾಕಿಕೊಂಡು ಸುಖವಾಗಿ ರೆಕಾರ್ಡ್ ಮಾಡಿದೆ. ಆ ಗದ್ದಲದ ಒಂದು ಹನಿಯೂ ಒಳಗೆ ಬಂದಿಲ್ಲ.

ಸುಖ ಮಧ್ಯಾಹ್ನದವರೆಗೆ. ಆಮೇಲೆ ಒಂದು ಪಂಚಮ ಹಿಡಿದುಕೊಂಡಿತು, ಬಿಡಲೇ ಇಲ್ಲ. ತಂತಿ ಮುಚ್ಚಿದರೂ ಕೂಗುತ್ತಿದೆ. ‘ನಿಲ್ಲಿಸು’ ಎಂಬ ಸಂದೇಶ ದಾರಿಯಲ್ಲೇ ಕಳೆದುಹೋಗಿತ್ತು. ನಿಲ್ಲಿಸು ಅನ್ನದೆ ಸಿಂಥ್ ನಿಲ್ಲಿಸುವುದಿಲ್ಲ. ಪಿಕಪ್ಪಿನ ರಿಸೀವರನ್ನು ಹಾರ್ಡ್ ಡಿಸ್ಕಿನ ಯುಎಸ್‌ಬಿ 3 ಕೇಬಲ್ ಪಕ್ಕದಲ್ಲೇ ಚುಚ್ಚಿದ್ದೆ. ಆ ಕೇಬಲ್ಲು ಎರಚುವ ರೇಡಿಯೊ ಗಲೀಜು 2.4 ಗಿಗಾಹರ್ಟ್ಸ್ ಸುತ್ತಮುತ್ತಲೇ. ಪಿಕಪ್ಪಿನ ಓಡಾಟವೂ ಅಲ್ಲೇ, ಬೀದಿಯವರ ವೈಫೈಯೂ ಅಲ್ಲೇ. ಒಂದು ಮೀಟರ್ ಎಕ್ಸ್‌ಟೆನ್ಷನ್ ವೈರು ಹಾಕಿ ರಿಸೀವರನ್ನು ಮೇಜಿನ ಅಂಚಿಗೆ ತಂದೆ. ಸರಿಹೋಯಿತು. ವೈರ್‌ಲೆಸ್‌ಗೆ ವೈರಿನ ಔಷಧಿ.

16 ಫೆಬ್ರವರಿ, ಭಾನುವಾರ

ಅತ್ತೆ ಮತ್ತೆ ಬಂದರು. ಹೊಸ ತೋಡಿ ಕೇಳಿಸಿದೆ. ಪೂರ್ತಿ ಕೇಳಿದರು, ಏನೂ ಅನ್ನಲಿಲ್ಲ. ಪರದೆಯ ಮೇಲೆ ಗಾಂಧಾರದ ಬೆಂಡ್ ಗೆರೆಯನ್ನು ದೊಡ್ಡದು ಮಾಡಿ ತೋರಿಸಿದೆ. ಏರಿ, ಇಳಿದು, ಮತ್ತೆ ಏರುವ ಗೆರೆ.

"ಇದು ನನ್ನ ಬೆರಳು ಅತ್ತೆ. ಎಳೆದಾಗ ಮೇಲೆ, ಬಿಟ್ಟಾಗ ಕೆಳಗೆ."

ಕನ್ನಡಕ ಏರಿಸಿಕೊಂಡು ಹತ್ತಿರ ಬಗ್ಗಿದರು. ಬೆರಳಿಟ್ಟು ಎರಡನೆಯ ಏರನ್ನು ತೋರಿಸಿದರು.

"ಇಲ್ಲಿ ಯಾಕೋ ಇಷ್ಟು ಅವಸರ?"

ಗೆರೆ ಅಲ್ಲಿ ನಿಜಕ್ಕೂ ಗೋಡೆಯ ಹಾಗೆ ನೆಟ್ಟಗೆ ನಿಂತಿತ್ತು. ಮೌಸಿನಿಂದ ಎಳೆದು ಓರೆ ಮಾಡಬಹುದಿತ್ತು, ಎರಡು ನಿಮಿಷದ ಕೆಲಸ. ಅವರು ಪಕ್ಕದಲ್ಲೇ ಕೂತಿದ್ದರು. ಅಳಿಸಿ, ಗಿಟಾರ್ ತೊಡೆಗೆ ಎಳೆದುಕೊಂಡೆ.