ಎರಡು ಪಥ್ಯ, ಒಂದು ತಟ್ಟೆ

ನನಗೆ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾಗಿದ್ದು ಬ್ರಾಂಪ್ಟನ್‌ಗೆ ಬಂದ ಮೇಲೆ. ತುಮಕೂರಿನಲ್ಲಿದ್ದಾಗ ಯಾರೂ ರಕ್ತ ಪರೀಕ್ಷೆ ಮಾಡಿಸಿರಲಿಲ್ಲ. ಇಲ್ಲಿ ಫ್ಯಾಮಿಲಿ ಡಾಕ್ಟರ್ ಬರೆದುಕೊಟ್ಟರು, ಮೂರು ತಿಂಗಳ ಸರಾಸರಿ 8.6 ಬಂತು. ಏಳರೊಳಗೆ ಇರಬೇಕು ಅಂದರು. ಮೆಟ್‌ಫಾರ್ಮಿನ್ ಶುರುವಾಯಿತು. ಆಮೇಲೆ ಗ್ಲಿಕ್ಲಾಜೈಡ್ ಕೂಡ ಸೇರಿತು.

ಅನ್ನ ಕಡಿಮೆ ಮಾಡಿ ಅಂತ ಎಲ್ಲರೂ ಹೇಳಿದರು. ಮಾಡಿದೆ. ಅನ್ನ ಬಿಟ್ಟ ಜಾಗಕ್ಕೆ ಕಡಲೆಕಾಯಿ, ಬಾದಾಮಿ, ಪನೀರ್, ಕಾಯಿತುರಿ ಹಾಕಿದ ಪಲ್ಯ ಬಂದವು. ಅವು ಶುಗರ್ ಅಷ್ಟಾಗಿ ಏರಿಸುವುದಿಲ್ಲ. ನಾನು ಮಿಸ್ಸಿಸಾಗಾದ ಒಂದು ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತೇನೆ. ಮಧ್ಯಾಹ್ನ ಮೂರಕ್ಕೆ ಹೋದರೆ ರಾತ್ರಿ ಹನ್ನೊಂದೂವರೆಗೆ ಬಿಡುತ್ತಾರೆ. ನಡುವೆ ಊಟಕ್ಕೆ ಅರ್ಧ ಗಂಟೆ. ಅದೂ ಲೈನು ನಿಂತಾಗ ಸಿಕ್ಕಿದ್ದು. ಜೇಬಿನಲ್ಲಿ ಒಂದು ಹಿಡಿ ಕಡಲೆಕಾಯಿ ಇದ್ದರೆ ಕೆಲಸ ಸಾಗುತ್ತಿತ್ತು. ಮೂರು ತಿಂಗಳ ಸರಾಸರಿ 6.9ಕ್ಕೆ ಬಂತು. ತೂಕವೂ ಬೇಗ ಬೇಗ ಇಳಿಯಿತು. ಮನೆಯಲ್ಲಿ ಎಲ್ಲರಿಗೂ ಸಂತೋಷ. ತೂಕ ಹೀಗೆ ಬೇಗ ಇಳಿದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಸಂಭವ ಹೆಚ್ಚು ಅನ್ನುವುದು ನನಗೆ ತಿಳಿದದ್ದು ಕಲ್ಲು ಕಟ್ಟಿದ ಮೇಲೆ.

ನವೆಂಬರಿನ ಒಂದು ರಾತ್ರಿ ಕೆಲಸದಿಂದ ಬಂದು ಪನೀರ್ ಪಲ್ಯ ತಿಂದು ಮಲಗಿದ್ದೆ. ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಶುರುವಾಯಿತು. ಬೆನ್ನಿಗೆ ಹೋಗಿ ಬಲ ಹೆಗಲಿನ ಹಿಂದೆ ನಿಂತಿತು. ಗ್ಯಾಸ್ ಇರಬೇಕು ಅಂತ ಜೀರಿಗೆ ಕಷಾಯ ಮಾಡಿ ಕುಡಿದೆ. ಕೂತರೂ ಆಗಲಿಲ್ಲ, ಮಲಗಿದರೂ ಆಗಲಿಲ್ಲ. ಅಡುಗೆಮನೆ ಕಟ್ಟೆ ಹಿಡಿದುಕೊಂಡು ನಿಂತೆ. ಮೈಯೆಲ್ಲ ಬೆವರಿತು. ಶುಗರ್ ಇಳಿದಿರಬಹುದು ಅಂತ ಬೆರಳು ಚುಚ್ಚಿ ನೋಡಿದೆ. 7.8 ಇತ್ತು. ಬೆಳಗಿನ ಜಾವದ ಹೊತ್ತಿಗೆ ನೋವು ತಾನಾಗಿ ಹೋಯಿತು. ಕೆಲವು ದಿನ ಬಿಟ್ಟು ಮತ್ತೆ ಬಂತು, ಈ ಸಲ ವಾಂತಿ ಜೊತೆಗೆ.

ನಮ್ಮನೆಯವರು ಟ್ರಕ್ ಓಡಿಸುತ್ತಾರೆ. ಅವತ್ತು ವಿನಿಪೆಗ್ ಕಡೆ ಹೋಗಿದ್ದರು. ಮಗಳು 811ಕ್ಕೆ ಫೋನ್ ಮಾಡಿದಳು. ನರ್ಸ್ ಎಲ್ಲ ಕೇಳಿ, ಕಾಯಬೇಡಿ, ಎಮರ್ಜೆನ್ಸಿಗೆ ಹೋಗಿ ಅಂದರು. ಹೋದೆವು. ಅಲ್ಲಿ ಕಾದೆವು. ನನಗಿಂತ ಕಷ್ಟದಲ್ಲಿದ್ದವರು ಅಲ್ಲಿ ಬಹಳ ಜನ ಇದ್ದರು, ಹಾಗಾಗಿ ಅದರ ಬಗ್ಗೆ ದೂರಿಲ್ಲ. ಬೆಳಿಗ್ಗೆ ಸ್ಕ್ಯಾನ್ ಮಾಡಿದರು. ಪಿತ್ತಕೋಶದಲ್ಲಿ ಕಲ್ಲುಗಳಿವೆ ಅಂದರು.

ಡಾಕ್ಟರ್ ಚಿಕ್ಕ ವಯಸ್ಸಿನವರು. ಒಂದು ಕಾಗದದ ಮೇಲೆ ಬರೆದು ತೋರಿಸಿದರು. ಪಿತ್ತರಸ ತಯಾರಾಗುವುದು ಯಕೃತ್ತಿನಲ್ಲಿ. ಅದನ್ನು ಕೂಡಿಟ್ಟುಕೊಳ್ಳುವ ಚೀಲ ಪಿತ್ತಕೋಶ. ಜಿಡ್ಡಿನ ಆಹಾರ ಕರುಳಿಗೆ ಇಳಿದ ಕೂಡಲೆ ಆ ಚೀಲ ಹಿಂಡಿಕೊಳ್ಳುತ್ತದೆ. ಬಾಯಿಗೆ ಕಲ್ಲು ಅಡ್ಡ ಸಿಕ್ಕರೆ ನೋವು. ಎಷ್ಟು ಜಿಡ್ಡೋ ಅಷ್ಟು ಹಿಂಡಿಕೆ. ಸರ್ಜನ್‌ಗೆ ಬರೆಯುತ್ತೇನೆ, ಅವರ ಕಡೆಯಿಂದ ಫೋನ್ ಬರುತ್ತದೆ, ಅಲ್ಲಿಯವರೆಗೆ ಜಿಡ್ಡು ಬಿಡಿ ಅಂತ ಹೇಳಿ ಒಂದು ಹಾಳೆ ಕೊಟ್ಟು ಕಳಿಸಿದರು. ಹೆಲ್ತ್ ಕಾರ್ಡ್ ತೋರಿಸಿದ್ದು ಬಿಟ್ಟರೆ ಒಂದು ಡಾಲರ್ ಖರ್ಚಾಗಲಿಲ್ಲ.

ಮನೆಯಲ್ಲಿ ಫ್ರಿಜ್ಜಿನ ಬಾಗಿಲ ಮೇಲೆ ಶುಗರಿನ ಹಾಳೆ ಮೊದಲೇ ಇತ್ತು. ಮಗಳು ಇದನ್ನೂ ಪಕ್ಕದಲ್ಲೇ ಅಂಟಿಸಿದಳು. ಆ ಹಾಳೆ ಅನ್ನ, ಬ್ರೆಡ್ಡು, ಆಲೂಗಡ್ಡೆ, ಹಣ್ಣಿನ ರಸ ಮಿತಿಯಲ್ಲಿರಲಿ, ಹಸಿವಾದರೆ ಬಾದಾಮಿ ತಿನ್ನು ಅನ್ನುತ್ತಿತ್ತು. ಈ ಹಾಳೆ ಬಾದಾಮಿ, ಕಡಲೆಕಾಯಿ, ಪನೀರ್, ತೆಂಗಿನಕಾಯಿ ಬೇಡ, ಅನ್ನ, ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ ತಿನ್ನು ಅನ್ನುತ್ತಿತ್ತು. ಎರಡನ್ನೂ ಬರೆದವರು ಸರಿಯಾಗೇ ಬರೆದಿದ್ದರು. ಎರಡೂ ಕಾಯಿಲೆ ಒಬ್ಬರಿಗೇ ಇದ್ದರೆ ಏನು ತಿನ್ನಬೇಕು ಅಂತ ಮಾತ್ರ ಎರಡರಲ್ಲೂ ಇರಲಿಲ್ಲ.

ನೋವಿನ ಭಯ ದೊಡ್ಡದಾಗಿತ್ತು. ಹಾಗಾಗಿ ಎರಡನೆಯ ಹಾಳೆ ಹಿಡಿದೆ. ಇಡ್ಲಿ, ಗಂಜಿ, ಮಂಡಕ್ಕಿ, ಬೇಯಿಸಿದ ಆಲೂಗಡ್ಡೆ. ನೋವು ದೂರವಾಯಿತು. ಶುಗರ್ 13, 14 ಆಯಿತು. ತುಮಕೂರಿನಿಂದ ಅಮ್ಮ ಫೋನ್ ಮಾಡಿದಾಗ ಹದಿನಾಲ್ಕು ಅಂದರೆ ಅವರಿಗೆ ಅರ್ಥವಾಗಲಿಲ್ಲ. ನಮ್ಮೂರಿನ ಲೆಕ್ಕ ಬೇರೆ, ಇಲ್ಲಿಯದನ್ನು 18ರಿಂದ ಗುಣಿಸಬೇಕು. ಇನ್ನೂರೈವತ್ತು ಅಂದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ತಿಂದ್ರೆ ತಾನೇ ಇದೆಲ್ಲಾ? ಒಂದು ಒಪ್ಪತ್ತು ಬಿಡು ಮಗಾ" ಅಂದರು.

ಅಮ್ಮ ಹೇಳುವ ಮೊದಲೇ ನಾನು ಬಿಡುತ್ತಿದ್ದೆ. ಯಾವುದು ತಿಂದರೂ ಒಂದಲ್ಲ ಒಂದು ತೊಂದರೆ, ತಟ್ಟೆ ಮುಂದೆ ಕೂರುವುದಕ್ಕೇ ಹೆದರಿಕೆ. ಒಂದು ದಿನ ಮಧ್ಯಾಹ್ನ ಊಟ ಮಾಡದೆ ಕೆಲಸಕ್ಕೆ ಹೋದೆ. ಮಾತ್ರೆ ನುಂಗಿದ್ದೆ. ಗ್ಲಿಕ್ಲಾಜೈಡ್ ಉಂಡರೂ ಕೆಲಸ ಮಾಡುತ್ತದೆ, ಉಣ್ಣದಿದ್ದರೂ ಮಾಡುತ್ತದೆ. ಸಂಜೆ ಆರರ ಹೊತ್ತಿಗೆ ಡಬ್ಬಗಳ ಮೇಲಿನ ಚೀಟಿ ಎರಡೆರಡಾಗಿ ಕಂಡಿತು. ಟೇಪು ಹಚ್ಚುವ ಗನ್ ಕೈಯಿಂದ ಬಿತ್ತು. ಎತ್ತಿಕೊಳ್ಳಲು ಬಗ್ಗಿದೆ, ಏಳಲು ಆಗಲಿಲ್ಲ.

ಪಕ್ಕದಲ್ಲಿ ಕೆಲಸ ಮಾಡುವವಳು ಪಂಜಾಬಿ ಹೆಂಗಸು, ಲುಧಿಯಾನ ಕಡೆಯವಳು. ಅವಳ ಗಂಡನಿಗೂ ಶುಗರ್ ಇದೆ. ನನ್ನ ಮುಖ ನೋಡಿದ ಕೂಡಲೆ ಅವಳಿಗೆ ಗೊತ್ತಾಯಿತು. ಮರದ ಪ್ಯಾಲೆಟ್ ಮೇಲೆ ಕೂರಿಸಿ ಮಾವಿನ ರಸದ ಪ್ಯಾಕೆಟ್ಟಿಗೆ ಸ್ಟ್ರಾ ಚುಚ್ಚಿ ಬಾಯಿಗೆ ಇಟ್ಟಳು. ನನ್ನ ಬ್ಯಾಗಿನಿಂದ ಮೀಟರ್ ತೆಗೆದು ಅವಳೇ ಬೆರಳು ಚುಚ್ಚಿದಳು. 3.1. ಕಾಲು ಗಂಟೆ ಕಾದು ಮತ್ತೆ ನೋಡಿದಳು. 4.4. ಈಗ ಏನಾದರೂ ತಿನ್ನಲೇಬೇಕು ದೀದಿ, ಇಲ್ಲದಿದ್ದರೆ ಮತ್ತೆ ಇಳಿಯುತ್ತದೆ ಅಂತ ತನ್ನ ಡಬ್ಬಿ ತೆಗೆದಳು. ರೊಟ್ಟಿಗೆ ತುಪ್ಪ ಸವರಿತ್ತು. ನನ್ನ ಹೊಟ್ಟೆಯ ವಿಷಯ ಅವಳಿಗೆ ಗೊತ್ತಿತ್ತು. ರೊಟ್ಟಿಯನ್ನು ಪೇಪರ್ ಟವಲಿನ ನಡುವೆ ಇಟ್ಟು ಅಂಗೈಯಿಂದ ಒತ್ತಿದಳು. ತಿರುಗಿಸಿ ಇನ್ನೊಂದು ಬದಿ ಒತ್ತಿದಳು. ಟವಲ್ ಹಳದಿಯಾಯಿತು. ಆಮೇಲೆ ಅರ್ಧ ಮುರಿದು ಕೊಟ್ಟಳು.

ಆ ವಾರವೇ ಫ್ಯಾಮಿಲಿ ಡಾಕ್ಟರ್ ಗ್ಲಿಕ್ಲಾಜೈಡ್ ಅರ್ಧ ಮಾಡಿ ಸಕ್ಕರೆ ಕಾಯಿಲೆಯವರಿಗಾಗಿ ಇರುವ ತರಬೇತಿ ಕೇಂದ್ರಕ್ಕೆ ಕಳಿಸಿದರು. ಒಂಟಾರಿಯೊದಲ್ಲಿ ಇಂಥ ಕೇಂದ್ರಗಳಿಗೆ ದುಡ್ಡು ಕೊಡಬೇಕಿಲ್ಲ. ಅಲ್ಲಿಯ ಡಯಟಿಶಿಯನ್ ಎರಡೂ ಹಾಳೆ ನೋಡಿ ಮಡಿಸಿ ಪಕ್ಕಕ್ಕಿಟ್ಟರು. ನೀವು ದಿನಾ ಏನು ಅಡುಗೆ ಮಾಡುತ್ತೀರಿ ಹೇಳಿ ಅಂದರು. ಆ ಪ್ರಶ್ನೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಸಾರು, ಹುಳಿ, ಪಲ್ಯ, ಮುದ್ದೆ ಅಂತ ಹೇಳಿದೆ. ಒಗ್ಗರಣೆಗೆ ಎಷ್ಟು ಎಣ್ಣೆ ಅಂದರು. ಒಂದು ಬಾಟಲಿಯಲ್ಲಿ ನೀರು ಕೊಟ್ಟು, ಸುರಿದು ತೋರಿಸಿ ಅಂದರು. ಸುರಿದೆ. ಅವರು ಅಳೆದರು. ಮೂರು ದೊಡ್ಡ ಚಮಚಕ್ಕೆ ಸ್ವಲ್ಪ ಕಮ್ಮಿ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 14 ಗ್ರಾಂ ಜಿಡ್ಡು.

ಅವರು ಯಾವುದನ್ನೂ ಪೂರ್ತಿ ನಿಲ್ಲಿಸಲಿಲ್ಲ. ಜಿಡ್ಡು ಪೂರ್ತಿ ಬಿಟ್ಟರೆ, ಉಪವಾಸ ಇದ್ದರೆ ಪಿತ್ತಕೋಶ ಖಾಲಿಯಾಗುವುದೇ ಇಲ್ಲ, ರಸ ಅಲ್ಲೇ ನಿಂತು ಗಟ್ಟಿಯಾಗುತ್ತದೆ. ಆದ್ದರಿಂದ ಪ್ರತಿ ಊಟದಲ್ಲೂ ಸ್ವಲ್ಪ ಇರಲಿ, ಒಂದೇ ಊಟದಲ್ಲಿ ಜಾಸ್ತಿ ಬೇಡ. ಶುಗರಿಗೂ ಹಾಗೇ, ಹೊತ್ತು ಹೊತ್ತಿಗೆ ಸ್ವಲ್ಪ ಸ್ವಲ್ಪ. ಎರಡು ಕಾಯಿಲೆಗೂ ಒಪ್ಪುವಂಥದ್ದು ಬಹಳ ಇದೆ ಅಂತ ಅವರು ಎಣಿಸುತ್ತಾ ಹೋದಾಗ ನನಗೆ ಆಶ್ಚರ್ಯವಾಯಿತು. ಹೆಸರುಬೇಳೆ, ಹುರುಳಿ, ಅಲಸಂದೆ, ಸೊಪ್ಪು, ಹೀರೆಕಾಯಿ, ಹುರುಳಿಕಾಯಿ, ಜಿಡ್ಡು ತೆಗೆದ ಮೊಸರು, ನೀರು ಮಜ್ಜಿಗೆ. ಅರ್ಧ ತಟ್ಟೆ ತರಕಾರಿ, ಕಾಲು ತಟ್ಟೆ ಬೇಳೆಕಾಳು, ಕಾಲು ತಟ್ಟೆ ಅನ್ನವೋ ಮುದ್ದೆಯೋ. ರಾಗಿ ಎಷ್ಟು ತಿಂದರೂ ಶುಗರಿಗೆ ಒಳ್ಳೆಯದು ಅಂತ ನಮ್ಮ ಕಡೆ ಒಂದು ನಂಬಿಕೆ ಇದೆ. ಅದು ಸುಳ್ಳು. ಮುದ್ದೆ ನುಂಗಿದ ಎರಡು ಗಂಟೆಗೆ ಮೀಟರ್ ಹಿಡಿದು ನೋಡಿ, ಗೊತ್ತಾಗುತ್ತದೆ. ನನಗೆ ನನ್ನ ಮುಷ್ಟಿಗಿಂತ ಚಿಕ್ಕದು ಸಾಕು.

ಅಂಗಡಿಯಲ್ಲಿ ಪ್ಯಾಕೆಟ್ಟಿನ ಹಿಂದಿನ ಪಟ್ಟಿ ಓದುವುದನ್ನೂ ಅವರೇ ಕಲಿಸಿದರು. ಶೇಕಡಾ 5 ಇದ್ದರೆ ಕಡಿಮೆ, 15 ಇದ್ದರೆ ಜಾಸ್ತಿ. ಪ್ಲಾಸ್ಟಿಕ್ ಚೀಲದ ಹಾಲನ್ನು ಕೆನೆ ತೆಗೆದದ್ದಕ್ಕೆ ಬದಲಾಯಿಸಿದೆ. ಕಾಫಿ ನೀರಾಯಿತು. ಕುಡಿದೆ.

ಸಲಹೆ ಕೊಡುವವರಿಗೆ ಬರವಿರಲಿಲ್ಲ. ಎಟೋಬಿಕೋಕ್‌ನ ಶೃಂಗೇರಿ ದೇವಸ್ಥಾನದಲ್ಲಿ ಒಬ್ಬರು ಸಿಕ್ಕಿ, ಸೇಬಿನ ರಸ ಮತ್ತು ಆಲಿವ್ ಎಣ್ಣೆ ಕುಡಿಯಿರಿ, ಹಸಿರು ಕಲ್ಲುಗಳು ಉದುರಿ ಬೀಳುತ್ತವೆ ಅಂದರು. ಒಳ್ಳೆ ಮನಸ್ಸಿನಿಂದಲೇ ಹೇಳಿದರು. ಹಾಗೆ ಬೀಳುವುದು ಪಿತ್ತಕೋಶದ ಕಲ್ಲಲ್ಲ, ಆ ಎಣ್ಣೆ ಮತ್ತು ರಸವೇ ಹೊಟ್ಟೆಯಲ್ಲಿ ಸಾಬೂನಿನ ಉಂಡೆಯಾಗುವುದು ಅಂತ ಡಾಕ್ಟರ್ ಹೇಳಿದರು. ಇದ್ದ ಎರಡು ಕಾಯಿಲೆಗೂ ಆಗದ ಎರಡು ಪದಾರ್ಥವನ್ನೇ ಒಂದೇ ಲೋಟಕ್ಕೆ ಹಾಕುವ ಔಷಧಿ ಅದು.

ಫೆಬ್ರುವರಿಯಲ್ಲಿ, ಸರ್ಜನ್ ಕಡೆಯಿಂದ ದಿನಾಂಕ ಬರುವ ಮೊದಲೇ, ಜ್ವರ ಬಂತು. ಚಳಿ, ನಡುಕ. ನೋವು ಮೊದಲಿನಷ್ಟು ಇರಲಿಲ್ಲ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಆದರೂ ಶುಗರ್ 17. ಅದನ್ನು ನೋಡಿ ಹೆದರಿದೆ. ಎಮರ್ಜೆನ್ಸಿಯಲ್ಲಿ ಈ ಸಲ ಬೇಗ ಒಳಗೆ ಕರೆದುಕೊಂಡರು. ಪಿತ್ತಕೋಶಕ್ಕೆ ಸೋಂಕು ಆಗಿತ್ತು. ಸೋಂಕು ಇದ್ದಾಗ ಯಕೃತ್ತೇ ರಕ್ತಕ್ಕೆ ಸಕ್ಕರೆ ಬಿಡುತ್ತದೆ, ಊಟ ಬೇಕಿಲ್ಲ ಅಂದರು. ಬಹಳ ಕಾಲದಿಂದ ಶುಗರ್ ಇರುವವರಿಗೆ ಒಳಗೆ ಎಷ್ಟು ಕೆಟ್ಟಿದೆಯೋ ಅಷ್ಟು ನೋವು ಗೊತ್ತಾಗದೆ ಇರಬಹುದು, ಹಾಗಾಗಿ ತಡ ಮಾಡುವುದಿಲ್ಲ ಅಂತಲೂ ಹೇಳಿದರು. ಡ್ರಿಪ್ಪಿನಲ್ಲಿ ಆಂಟಿಬಯಾಟಿಕ್, ಜೊತೆಗೆ ಇನ್ಸುಲಿನ್.

ನಮ್ಮನೆಯವರು ಥಂಡರ್ ಬೇ ಕಡೆಯಿಂದ ವಾಪಸ್ ಬರುತ್ತಿದ್ದರು. ಸುಪೀರಿಯರ್ ಸರೋವರದ ಪಕ್ಕದ 17ನೇ ಹೆದ್ದಾರಿಯನ್ನು ಹಿಮದಿಂದಾಗಿ ಮುಚ್ಚಿದ್ದರು. ವಾವಾದಲ್ಲಿ ಟ್ರಕ್ ನಿಲ್ಲಿಸಿಕೊಂಡು ಕೂತಿದ್ದರು. ಫೋನಿನಲ್ಲಿ, "ರಸ್ತೆ ಬಿಟ್ಟ ತಕ್ಷಣ ಹೊರಡ್ತೀನಿ" ಅಂದರು. "ನಿಧಾನವಾಗಿ ಬನ್ರೀ" ಅಂದೆ. ಇಬ್ಬರಿಗೂ ಬೇರೆ ಮಾತು ಬರಲಿಲ್ಲ. ಆಪರೇಷನ್ನಿಗೆ ನಾನೇ ಸಹಿ ಹಾಕಿದೆ. ತಳ್ಳುಗಾಡಿಯ ಮೇಲೆ ಮಲಗಿದ್ದಾಗ ಹಲ್ಲು ಕಟಕಟ ಅನ್ನುತ್ತಿತ್ತು. ಚಳಿಗೋ ಹೆದರಿಕೆಗೋ ಗೊತ್ತಿಲ್ಲ. ಒಬ್ಬ ನರ್ಸ್ ಬೀರುವಿನಿಂದ ಬಿಸಿ ಮಾಡಿಟ್ಟ ಕಂಬಳಿ ತೆಗೆದು ಕಾಲಿನಿಂದ ಕುತ್ತಿಗೆಯವರೆಗೆ ಹೊದಿಸಿದರು.

ಎಚ್ಚರವಾದಾಗ ಹೊಟ್ಟೆಗಿಂತ ಹೆಗಲು ಹೆಚ್ಚು ನೋಯುತ್ತಿತ್ತು. ಆಪರೇಷನ್ ಮಾಡುವಾಗ ಹೊಟ್ಟೆಗೆ ತುಂಬುವ ಗ್ಯಾಸಿನಿಂದ ಹಾಗಾಗುತ್ತದಂತೆ. ನಾಲ್ಕು ಸಣ್ಣ ಗಾಯ. ಕೆಮ್ಮುವಾಗ ದಿಂಬು ಅಪ್ಪಿಕೊಳ್ಳಬೇಕಿತ್ತು. ಮೊದಲ ಊಟದ ಟ್ರೇಯಲ್ಲಿ ಸೇಬಿನ ರಸ, ಕೆಂಪು ಜೆಲ್ಲಿ, ಉಪ್ಪು ನೀರಿನಂಥ ಸೂಪು. ನರ್ಸ್ ಮೀಟರ್ ನೋಡಿ, ಜೆಲ್ಲಿ ತೆಗೆದು ಸಕ್ಕರೆ ಇಲ್ಲದ ಜೆಲ್ಲಿ ತಂದಿಟ್ಟರು. ನಮ್ಮನೆಯವರು ಮರುದಿನ ಟ್ರಕ್ಕಿನ ಬೂಟಿನಲ್ಲೇ ವಾರ್ಡಿಗೆ ಬಂದರು.

ಈಗ ಎಲ್ಲ ತಿನ್ನಬಹುದಲ್ಲ ಅಂತ ನೆಂಟರು ಕೇಳುತ್ತಾರೆ. ಹಾಗಲ್ಲ. ಚೀಲ ಹೋದರೂ ಪಿತ್ತರಸ ತಯಾರಾಗುತ್ತಲೇ ಇರುತ್ತದೆ, ಕೂಡಿಡಲು ಜಾಗವಿಲ್ಲದೆ ಕರುಳಿಗೆ ಸುರಿಯುತ್ತಾ ಇರುತ್ತದೆ. ಮೊದಮೊದಲು ಸ್ವಲ್ಪ ಎಣ್ಣೆ ಬಿದ್ದರೂ ಬಚ್ಚಲಿಗೆ ಓಡಬೇಕಿತ್ತು. ಬಸ್ಸಿನಲ್ಲಿ ಹೋಗಲು ಹೆದರುತ್ತಿದ್ದೆ. ನಿಧಾನವಾಗಿ ಕಡಿಮೆಯಾಯಿತು. ಶುಗರ್ ಹೋಗಿಲ್ಲ, ಹೋಗುವುದೂ ಇಲ್ಲ. ಯುಗಾದಿಗೆ ಅರ್ಧ ಹೋಳಿಗೆ ತಿಂದೆ, ತುಪ್ಪ ಹಾಕಿಕೊಳ್ಳಲಿಲ್ಲ. ಎರಡು ಗಂಟೆ ಬಿಟ್ಟು ನೋಡಿದೆ, 9.7. ಹತ್ತರೊಳಗೆ ಇರಬೇಕು ಅನ್ನುವುದು ಇಲ್ಲಿಯ ಲೆಕ್ಕ.

ಭಾರ ಎತ್ತುವ ಅನುಮತಿ ಸಿಕ್ಕ ಮೇಲೆ ಕೆಲಸಕ್ಕೆ ಹೋದೆ. ಡಾಕ್ಟರ ಪತ್ರ ಕೊಟ್ಟ ಮೇಲೆ ಊಟದ ಬಿಡುವು ಏಳು ಗಂಟೆಗೆ ಖಾಯಂ ಆಯಿತು, ಲೈನು ನಡೆಯುತ್ತಿದ್ದರೂ ಸರಿ. ಡಬ್ಬಿಯಲ್ಲಿ ಮುದ್ದೆ ಒಯ್ಯಲು ಆಗುವುದಿಲ್ಲ, ಗಟ್ಟಿಯಾಗುತ್ತದೆ. ಎರಡು ಚಪಾತಿ, ಹೆಸರುಕಾಳಿನ ಪಲ್ಯ, ಸೌತೆಕಾಯಿ. ಏಪ್ರನ್ ಜೇಬಿನಲ್ಲಿ ಗ್ಲೂಕೋಸ್ ಮಾತ್ರೆ. ಪಕ್ಕದವಳ ಡಬ್ಬಿಯಲ್ಲೂ ಎರಡು ಇಟ್ಟಿದ್ದೇನೆ. ಮುಂದಿನ ರಕ್ತ ಪರೀಕ್ಷೆ ಆಗಸ್ಟಿನಲ್ಲಿದೆ.