ನಿಡಗುಂದಿಯ ಸೀಮೆಯಲ್ಲಿ: ಕಸುವು ಮೇಲೋ, ಡಾವು ಮೇಲೋ?

ವಿಜಯಪುರವನ್ನು ಬಿಟ್ಟು ಮನಗೂಳಿಯ ಮಾರ್ಗವಾಗಿ ದಕ್ಷಿಣಕ್ಕೆ ಹೊರಟ ಪ್ರವಾಸಿಗೆ ಬಹು ದೂರದವರೆಗೆ ಕಾಣುವುದು ಎರೆಭೂಮಿಯೊಂದೇ. ಮರವಿಲ್ಲದ, ಮರೆಯಿಲ್ಲದ ಬಯಲು. ಹಿಂಗಾರಿನ ದಿನಗಳಾದರೆ ಎದೆಯೆತ್ತರದ ಬಿಳಿಜೋಳ; ಬೇಸಗೆಯಾದರೆ ಬಾಯ್ದೆರೆದು ಮಲಗಿದ ಕರಿನೆಲ. ಆ ಬಯಲು ಕೃಷ್ಣೆಯತ್ತ ಸರಿಯುವಲ್ಲಿ ನಿಡಗುಂದಿ ಎದುರಾಗುತ್ತದೆ. ಹಿಂದೆ ಬಸವನ ಬಾಗೇವಾಡಿ ತಾಲೂಕಿಗೆ ಸೇರಿದ್ದ ಈ ಊರು ಇಂದು ತಾನೇ ಒಂದು ತಾಲೂಕಿನ ಕೇಂದ್ರ. ಆದರೂ ಹೆದ್ದಾರಿಯ ವಾಹನಗಳಲ್ಲಿ ಬರುವ ಕುಟುಂಬಗಳು ಇಲ್ಲಿ ಚಹಕ್ಕೆ ಇಳಿಯುವುದೇ ಹೆಚ್ಚು. ಅವರ ಕಣ್ಣು ಆಲಮಟ್ಟಿಯ ಮೇಲೆ. 1964ರ ಮೇ 22ರಂದು ಲಾಲ ಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲಿಟ್ಟ ಆ ಆಣೆಕಟ್ಟು, ಅದರ ಉದ್ಯಾನ, ಅದರ ಹಿಂದೆ ಕಡಲಿನಂತೆ ನಿಂತ ನೀರು, ಇವನ್ನು ನೋಡಿ ಅವರು ಹಿಂದಿರುಗುತ್ತಾರೆ. ನಿಡಗುಂದಿಯನ್ನು ನೋಡಿದೆವೆಂದು ಹೇಳಿಕೊಳ್ಳುವವರು ವಿರಳ.

ಅವಸರವಿಲ್ಲದ ಪ್ರವಾಸಿಯು ಮೊದಲು ಸಮೀಪದ ಯಲಗೂರಿಗೆ ಹೋಗುವುದೊಳಿತು. ಕೃಷ್ಣೆಯ ದಡದ ಈ ಊರಿನ ದೈವ ಹನುಮಂತ. ಏಳು ಊರುಗಳಿಗೆ ಒಡೆಯನಾದುದರಿಂದ ಯಲಗೂರೇಶನೆಂಬ ಹೆಸರು ಬಂದಿತೆಂದು ಭಕ್ತರು ವಿವರಿಸುತ್ತಾರೆ. ಈ ಸೀಮೆಯಲ್ಲಿ ಮಗನಿಗೆ ಯಲಗೂರೇಶನೆಂದು ಹೆಸರಿಟ್ಟ ಮನೆಗಳು ಅನೇಕ. ಶನಿವಾರದ ದಿನ ಗುಡಿಯ ಮುಂದೆ ನಿಂತರೆ ಕಾಯಿ ಒಡೆಸುವ ಮುದುಕರ ನಡುವೆ, ಕಿವಿ ಮುದುಡಿದ, ಕೊರಳು ಹೆಗಲಲ್ಲಿ ಹೂತುಹೋದಂತಿರುವ ಒಬ್ಬಿಬ್ಬರು ತರುಣರು ಕಂಡರೆ ಆಶ್ಚರ್ಯವಿಲ್ಲ. ಹನುಮಪ್ಪನು ಪೈಲವಾನರ ದೈವವಷ್ಟೆ! ಗರಡಿ ಇರುವೆಡೆಯಲ್ಲೆಲ್ಲ ಅವನ ಮೂರ್ತಿ ಇರುವುದು, ಇಲ್ಲವೇ ಪಟವಾದರೂ ಇರುವುದು.

ಹನುಮಂತನೆಂದರೆ ಬಲವೆಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಗುಡ್ಡವನ್ನು ಕಿತ್ತು ತಂದವನಲ್ಲವೇ? ಆದರೆ ಸಮುದ್ರವನ್ನು ಹಾರುವಾಗ ಸುರಸೆಯ ಬಾಯೊಳಗೆ ಹೆಬ್ಬೆರಳಿನಷ್ಟಾಗಿ ಹೊಕ್ಕು ಹೊರಬಂದವನೂ ಅವನೇ. ಬಲವೋ ಜಾಣ್ಮೆಯೋ ಎಂಬ ಪ್ರಶ್ನೆ ಹೀಗೆ ಗುಡಿಯ ಬಾಗಿಲಲ್ಲೇ ಎದುರಾಗುತ್ತದೆ. ಈ ಸೀಮೆಯವರು ಅದನ್ನು ತಮ್ಮ ಮಾತಿನಲ್ಲಿ ಕೇಳುತ್ತಾರೆ: ಕಸುವು ಮೇಲೋ, ಡಾವು ಮೇಲೋ?

ಜಾತ್ರೆಗಳಲ್ಲಿ ಈ ಪ್ರಶ್ನೆಗೆ ಎರಡು ಉತ್ತರಗಳನ್ನು ಅಕ್ಕಪಕ್ಕದಲ್ಲಿಯೇ ಕಾಣಬಹುದು. ಸಂಕ್ರಾಂತಿಯ ವೇಳೆಗೆ ನಡೆಯುವ ವಿಜಯಪುರದ ಸಿದ್ಧೇಶ್ವರ ಜಾತ್ರೆಯೇ ಇದಕ್ಕೆ ನಿದರ್ಶನ. ಅಲ್ಲಿ ಭಾರ ಎತ್ತುವ ಸ್ಪರ್ಧೆಯೂ ಉಂಟು, ಜಂಗಿ ನಿಕಾಲಿ ಕುಸ್ತಿಯೂ ಉಂಟು. ಸಂಗ್ರಾಣಿ ಕಲ್ಲು, ಗುಂಡುಕಲ್ಲು, ಉಸುಕಿನ ಚೀಲ, ಹೀಗೆ ಎತ್ತುವ ವಸ್ತುಗಳು ಹಲವು. ಹಲ್ಲಿನಿಂದ ಕಚ್ಚಿ ಎತ್ತುವ ಸಾಹಸಿಗಳೂ ಉಂಟು. ಗುಂಡುಕಲ್ಲನ್ನು ಎತ್ತುವವನು ಮೊದಲು ಅಂಗೈಗೆ ಧೂಳು ತಿಕ್ಕಿಕೊಳ್ಳುತ್ತಾನೆ. ಹಿಡಿಯಲು ಹಿಡಿಕೆಯಿಲ್ಲ, ಬೆರಳು ಸಿಕ್ಕಿಸಲು ಬಿರುಕಿಲ್ಲ. ಕಲ್ಲು ನೆಲದಿಂದ ಮೊಣಕಾಲಿಗೆ, ಮೊಣಕಾಲಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ಎದೆಗೆ, ಎದೆಯಿಂದ ಹೆಗಲಿಗೆ ಏರಿ ಬೆನ್ನ ಹಿಂದೆ ಧೊಪ್ಪೆಂದು ಬೀಳುತ್ತದೆ. ಹಲಗೆಯವರು ಬಾರಿಸುತ್ತಾರೆ, ಜನ ಕೂಗುತ್ತಾರೆ. ಇದು ಕಸುವಿನ ಮಾತು. ಇಲ್ಲಿ ವಾದಕ್ಕೆ ಎಡೆಯೇ ಇಲ್ಲವೆಂದು ಹೊಸಬನಿಗೆ ತೋರುತ್ತದೆ. ಸ್ವಲ್ಪ ಹೊತ್ತು ನಿಂತು ನೋಡಿದರೆ ತಿಳಿಯುವುದೇ ಬೇರೆ. ತೋಳಿನಿಂದ ಎತ್ತಲು ಹೋದ ದೈತ್ಯನು ಮೊಣಕಾಲಿನ ಬಳಿಯಲ್ಲೇ ಸೋಲುತ್ತಾನೆ. ತೊಡೆಯ ಮೇಲೆ ಕಲ್ಲನ್ನು ನಿಲ್ಲಿಸಿ, ಉಸಿರು ಕಟ್ಟಿ, ಸೊಂಟವನ್ನು ಮುಂದಕ್ಕೆ ತಂದವನು ಗೆಲ್ಲುತ್ತಾನೆ. ಕಲ್ಲಿಗೂ ಒಂದು ಡಾವು ಬೇಕು. ಒಂದೇ ಒಂದು ಡಾವು, ಅಷ್ಟೆ. ಕಲ್ಲು ಮರುಡಾವು ಹಾಕುವುದಿಲ್ಲವಲ್ಲ!

ಗರಡಿಯಲ್ಲಿ ವಸ್ತಾದರು ಹುಡುಗರಿಗೆ ಹೇಳಿಕೊಡುವ ಮೊದಲ ಪಾಠವೂ ಇದೇ ಬಗೆಯದು.

“ತಮ್ಮಾ, ಕಲ್ಲು ಎತ್ತಿದಿ, ಚಲೋ ಆತು. ಆದರ ಕಲ್ಲು ನಿನ್ನ ಕಾಲಾಗ ಕಾಲು ಹಾಕೂದಿಲ್ಲ. ಮಣ್ಣಾಗ ಇಳದಾಂವ ಹಾಕತಾನ.”

“ಹೌದ್ರಿ ವಸ್ತಾದರ. ಆದರ ಅಂವ ನನಗಿಂತ ದೀಡಪಟ್ಟ ಅದಾನ್ರಿ.”

“ಇರಲಿ ಬಿಡು. ಅಂವನ ತೂಕದ ಮ್ಯಾಲೇ ಅಂವನ್ನ ಕೆಡವಬೇಕು.”

ಎದುರಾಳಿಯ ತೂಕದಿಂದಲೇ ಎದುರಾಳಿಯನ್ನು ಕೆಡಹುವ ಈ ವಿದ್ಯೆಯಲ್ಲಿ ಪಟ್ಟುಗಳಿಗೆ ಲೆಕ್ಕವಿಲ್ಲ. ಅಗಸನು ಬಟ್ಟೆಯನ್ನು ಬಂಡೆಗೆ ಒಗೆಯುವಂತೆ ಹೆಗಲ ಮೇಲಿಂದ ಎತ್ತಿ ಹಾಕುವುದು ಧೋಬಿ ಪಛಾಡ. ಹೊಟ್ಟೆಯ ಕೆಳಗೆ ನುಸುಳಿ, ಎದುರಾಳಿಯನ್ನು ಹೆಗಲಿಗೇರಿಸಿ ಹೊರಳಿಸುವುದು ಕಲಾಜಂಗ. ಢಾಕ್, ಘಿಸ್ಸಾ, ಏಕಲಂಗಿ ಮುಂತಾದ ಹೆಸರುಗಳು ಕೊಲ್ಹಾಪುರ, ಸಾಂಗಲಿಗಳ ಕಡೆಯಿಂದ ಕೃಷ್ಣೆಯ ಗುಂಟ ಇಳಿದು ಬಂದಂತಿವೆ. ಗರಡಿಯ ಮಣ್ಣಿನದಂತೂ ಪ್ರತ್ಯೇಕ ಕಥೆ. ಎರೆಮಣ್ಣು ಒಣಗಿದರೆ ಹೆಂಟೆ, ನೆನೆದರೆ ಅಂಟು. ಕುಸ್ತಿಗೆ ಅದು ಒಗ್ಗದು. ಕೆಂಪು ಮಣ್ಣನ್ನು ಬೇರೆಡೆಯಿಂದ ತರಿಸಿ, ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಷಿಣ, ನಿಂಬೆರಸಗಳನ್ನು ಬೆರೆಸಿ ಹದಗೊಳಿಸಬೇಕು. ಹದಗೊಂಡ ಮಣ್ಣನ್ನು ವಸ್ತಾದರು ವಿಭೂತಿಯಂತೆ ಹಣೆಗೆ ಹಚ್ಚಿಕೊಳ್ಳುತ್ತಾರೆ. ಆಲಮಟ್ಟಿಯ ಹಿನ್ನೀರಿನಲ್ಲಿ ಊರುಗಳು ಮುಳುಗಿದಾಗ ಮನೆಯ ತೊಲೆ ಬಾಗಿಲುಗಳನ್ನು ಬಿಚ್ಚಿ ಪುನರ್ವಸತಿ ಕೇಂದ್ರಗಳಿಗೆ ಒಯ್ಯಬಹುದಾಗಿತ್ತು. ವರುಷಗಳ ಎಣ್ಣೆ ಕುಡಿದ ಮಣ್ಣನ್ನು ಒಯ್ಯುವುದು ಅಷ್ಟು ಸುಲಭವೇ?

ಕಸುವೋ ಡಾವೋ ಎಂಬುದು ಪಟ್ಟಣದ ಓದುಗರಿಗೆ ಹೊತ್ತುಹೋಗದ ಚರ್ಚೆಯಂತೆ ಕಾಣಬಹುದು. ನಾಲ್ಕೆಕರೆ ಒಣಬೇಸಾಯದ ಮನೆಯಲ್ಲಿ ಅದು ಹಾಗಲ್ಲ. ಪೈಲವಾನನೆಂದರೆ ಹಾಲು, ತುಪ್ಪ, ಬಾದಾಮಿ, ಖರ್ಜೂರ. ಒಬ್ಬ ಮಗನು ಗರಡಿಗೆ ಹೊರಟನೆಂದರೆ ಎಮ್ಮೆಯ ಹಾಲು ಡೇರಿಗೆ ಹೋಗುವುದು ನಿಲ್ಲುತ್ತದೆ. ಉಳಿದ ಮಕ್ಕಳಿಗೆ ಚಹಕ್ಕಷ್ಟೇ ಹಾಲು. ಕುಸ್ತಿಯು ಕಸುವಿನದೇ ಆದರೆ ಅದು ಎಮ್ಮೆಗಳಿದ್ದವನ ಸ್ವತ್ತು. ಡಾವಿನದಾದರೆ ಬಡಕಲು ಹುಡುಗನಿಗೂ ಅಲ್ಲೊಂದು ಜಾಗವುಂಟು. ಆ ಕುಸ್ತಿ ಯಾವ ಬಗೆಯದೆಂದು ತಾಯಿಯು ಕೇಳುವುದರಲ್ಲಿ ತಪ್ಪೇನು?

ಕನ್ನಡ ಕಾವ್ಯವನ್ನು ಬಲ್ಲವರಿಗೆ ಈ ಪ್ರಶ್ನೆ ಹೊಸದಲ್ಲ. ಕೃಷ್ಣೆಯ ಆಚೆ, ಪಶ್ಚಿಮಕ್ಕಿರುವ ಮುಧೋಳವೇ ಹತ್ತನೆಯ ಶತಮಾನದ ರನ್ನನ ಮುದುವೊಳಲು. ಅವನ ‘ಸಾಹಸಭೀಮವಿಜಯ’ದ ತಿರುಳಾದ ಗದಾಯುದ್ಧವು ಇದೇ ಪ್ರಶ್ನೆಯ ಸುತ್ತ ನಿಂತಿದೆ. ವ್ಯಾಸಭಾರತದಲ್ಲಿ ಕೃಷ್ಣನು ಅರ್ಜುನನಿಗೆ ತೂಗಿ ಹೇಳುತ್ತಾನೆ: ಇಬ್ಬರ ಶಿಕ್ಷಣವೂ ಸಮ, ಬಲದಲ್ಲಿ ಭೀಮ ಹೆಚ್ಚು, ಸಾಧನೆಯಲ್ಲಿ ದುರ್ಯೋಧನ ಹೆಚ್ಚು. ನ್ಯಾಯವಾಗಿ ಕಾದಿದರೆ ಭೀಮ ಗೆಲ್ಲಲಾರನೆಂದೇ ಅವನ ಎಣಿಕೆ. ಕಡೆಗೆ ಗೆದ್ದದ್ದು ಬಲವೂ ಅಲ್ಲ, ಸಾಧನೆಯೂ ಅಲ್ಲ. ನಾಭಿಯ ಕೆಳಗೆ ಹೊಡೆಯಬಾರದೆಂಬ ನಿಯಮದ ಭಂಗ! ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಂದ ವರ್ಗಗಳಾಗಿ ವಿಂಗಡಿಸಿದನು. ಅವರ ವ್ಯಾಯಾಮವನ್ನೂ ಆಹಾರವನ್ನೂ ವಿಧಿಸಿದನು. ಹಾಲು ಸಕ್ಕರೆಗಳ ಖರ್ಚು ಆಗ ಅರಮನೆಯದು.

ಇನ್ನು ಪರದೇಶದ ಮಾತು. ಕಾಲ್ಚೆಂಡಿನಾಟಕ್ಕೆ ನಿಯಮ ಬರೆದ ಇಂಗ್ಲೆಂಡಿನ ಮೇಲೆ ಇದೇ ಆರೋಪ ಬಹುಕಾಲದಿಂದ ಉಂಟು: ಅಲ್ಲಿಯವರು ಮೈಗಟ್ಟಿತನಕ್ಕೆ ಮಣೆ ಹಾಕುತ್ತಾರೆ, ಕಾಲಿನ ಕುಶಲತೆಯನ್ನು ಅನುಮಾನದಿಂದ ನೋಡುತ್ತಾರೆ. 1958ರ ಎಫ್.ಎ. ಕಪ್ ಅಂತಿಮ ಪಂದ್ಯದಲ್ಲಿ ಬೋಲ್ಟನ್ ತಂಡದ ನ್ಯಾಟ್ ಲಾಫ್ಟ್‌ಹೌಸ್, ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಗೋಲ್‌ಕೀಪರ್ ಹ್ಯಾರಿ ಗ್ರೆಗ್‌ರನ್ನು ಚೆಂಡಿನ ಸಮೇತ ಢಿಕ್ಕಿ ಹೊಡೆದು ಗೋಲಿನೊಳಕ್ಕೆ ನೂಕಿದಾಗ ರೆಫರಿಯು ಗೋಲೆಂದೇ ತೀರ್ಪಿತ್ತನು. ಅದಕ್ಕೂ ಮುನ್ನ, 1953ರ ನವೆಂಬರ್ 25ರಂದು, ಹಂಗೆರಿಯ ತಂಡ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6–3ರಿಂದ ಸೋಲಿಸಿತ್ತು. ಬ್ರಿಟಿಷ್ ದ್ವೀಪಗಳ ಹೊರಗಿನ ತಂಡಕ್ಕೆ ಇಂಗ್ಲೆಂಡ್ ತನ್ನ ನೆಲದಲ್ಲಿ ಸೋತದ್ದು ಅದೇ ಮೊದಲು. ನಾಯಕ ಬಿಲ್ಲಿ ರೈಟ್ ರಭಸದಿಂದ ನುಗ್ಗಿ ಬಂದಾಗ ಪುಷ್ಕಾಶ್ ಅಂಗಾಲಿನಿಂದ ಚೆಂಡನ್ನು ಹಿಂದಕ್ಕೆಳೆದು, ಅವರನ್ನು ಬರಿಗಾಳಿಗೆ ಕಳುಹಿಸಿ ಗೋಲು ಹೊಡೆದದ್ದು ನಮ್ಮ ವಸ್ತಾದರು ಮೆಚ್ಚುವಂಥ ಡಾವು. ಅರ್ಧ ವರುಷದ ಮೇಲೆ ಬುಡಾಪೆಸ್ಟಿನಲ್ಲಿ ಸೋಲು 7–1ಕ್ಕೆ ಬೆಳೆಯಿತು.

ಹಾಗೆಂದು ಆಂಗ್ಲರಿಗೆ ಕುಶಲತೆಯ ರುಚಿಯೇ ಇರಲಿಲ್ಲವೆನ್ನುವುದು ಅನ್ಯಾಯ. ವೆಂಬ್ಲಿಯ ಆ ಪಂದ್ಯದಲ್ಲಿ ಆಡಿದ್ದ ಸ್ಟ್ಯಾನ್ಲಿ ಮ್ಯಾಥ್ಯೂಸ್ ತೆಳುಮೈಯವರು; ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಓಡುವುದನ್ನೇ ಕಲೆಯಾಗಿಸಿಕೊಂಡು ಐವತ್ತು ವರುಷವಾಗುವವರೆಗೂ ಲೀಗಿನಲ್ಲಿ ಆಡಿದರು. 1953ರ ಕಪ್ ಅಂತಿಮ ಪಂದ್ಯಕ್ಕೆ ಜನ ಅವರ ಹೆಸರನ್ನೇ ಇಟ್ಟಿದ್ದಾರೆ. ದೋಷವಿದ್ದುದು ಅಭಿರುಚಿಯಲ್ಲಿ ಮಾತ್ರವೇ? ಆ ದೇಶದ ಚಳಿಗಾಲದಲ್ಲಿ ಮೈದಾನವು ಕೆಸರುಗದ್ದೆಯಾಗುತ್ತಿತ್ತು. ತೊಗಲಿನ ಚೆಂಡು ನೀರು ಕುಡಿದು ಭಾರವಾಗುತ್ತಿತ್ತು. ಕೆಸರಿನಲ್ಲಿ ಸೂಕ್ಷ್ಮವಾದ ತಟ್ಟು ಸಾಗದು. ದೂರಕ್ಕೆ ಒದೆಯುವ ಕಾಲು, ನುಗ್ಗುವ ಹೆಗಲು ಸಾಗುತ್ತವೆ. ಇಂದು ಅದೇ ದೇಶದ ಮೈದಾನಗಳು ರತ್ನಗಂಬಳಿಯಂತಿವೆ, ಗೋಲ್‌ಕೀಪರನನ್ನು ಹಾಗೆ ನೂಕಲು ನಿಯಮ ಬಿಡದು, ಆಟವೂ ಬದಲಾಗಿದೆ.

ನಮ್ಮ ಬೆಂಗಳೂರಿನ ಕಥೆ ಇದರ ಮಗ್ಗುಲು. ಗಟ್ಟಿನೆಲದ ಮೇಲೆ ಬರಿಗಾಲಿನಲ್ಲಿ ಆಟ ಕಲಿತ ನಾಡಿದು. ಬೆಂಗಳೂರು ಮುಸ್ಲಿಮ್ಸ್ ತಂಡವು 1937 ಮತ್ತು 1938ರಲ್ಲಿ ರೋವರ್ಸ್ ಕಪ್ಪನ್ನು ಗೆದ್ದಿತು. ಎರಡನೆಯ ಸಲ ಅಂತಿಮ ಪಂದ್ಯದಲ್ಲಿ ಎದುರಿಗಿದ್ದುದು ಬೂಟು ತೊಟ್ಟ ಗೋರಾ ಪಲ್ಟನಿನ ತಂಡ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಹೆಚ್ಚಿನ ಆಟಗಾರರು ಬರಿಗಾಲಿನವರೇ. ಫ್ರಾನ್ಸಿಗೆ 2–1ರಿಂದ ಸೋತರೂ, ಎರಡು ಪೆನಾಲ್ಟಿ ವ್ಯರ್ಥವಾಗದಿದ್ದರೆ ಫಲ ಬೇರೆಯಾಗುತ್ತಿತ್ತೇನೋ. ನಾಲ್ಕು ವರುಷಗಳ ಮೇಲೆ ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯಾ 10–1ರಿಂದ ಅವರನ್ನು ಮಣಿಸಿತು. ಆ ಒಂದು ಗೋಲು ಬೆಂಗಳೂರಿನ ಅಹಮದ್ ಖಾನರದು. ಕಾಲು ಅದೇ ಬರಿಗಾಲು. ನೆಲ ಬೇರೆ.

ಕುಸ್ತಿಯಲ್ಲಿ ಇದು ಇನ್ನೂ ಸ್ಪಷ್ಟ. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಗಾಮಾ ಪೈಲವಾನನ ಎದುರು ಪೋಲೆಂಡಿನ ಜ್ಬಿಸ್ಕೊ ಎರಡೂವರೆ ಗಂಟೆಯವರೆಗೆ ಹೆಚ್ಚಾಗಿ ಬೋರಲು ಬಿದ್ದುಕೊಂಡೇ ಪಂದ್ಯವನ್ನು ಸಮ ಮಾಡಿಕೊಂಡನು. 1928ರಲ್ಲಿ ಪಟಿಯಾಲದ ಮಣ್ಣಿನ ಮೇಲೆ ಅದೇ ಜೋಡಿ ನಿಂತಾಗ ಒಂದು ನಿಮಿಷದೊಳಗೆ ಗಾಮಾ ಗೆದ್ದನು. ಜಾತ್ರೆಯ ಜಂಗಿ ನಿಕಾಲಿ ಕುಸ್ತಿಗೆ ವೇಳೆಯ ಮಿತಿಯಿಲ್ಲ, ಅಂಕಗಳಿಲ್ಲ. ಬೆನ್ನು ಮಣ್ಣಿಗೆ ತಾಗಿ ಚಿತ್ತಾದಾಗಲೇ ನಿಕಾಲಿ. ಮೆತ್ತನೆಯ ಮಣ್ಣಿನಲ್ಲಿ ಭಾರದವನು ಮೈಮೇಲೆ ಒರಗಿ ಹೊತ್ತು ಕಳೆದಷ್ಟೂ ಹಗುರದವನ ಉಸಿರು ತೀರುತ್ತದೆ. ಮ್ಯಾಟಿನ ಕುಸ್ತಿಯಾದರೋ ಮೂರು ಮೂರು ನಿಮಿಷಗಳ ಎರಡು ಸುತ್ತು. ತೂಕಕ್ಕೆ ತೂಕದವನೇ ಜೋಡಿ. ಪ್ರತಿ ಪಟ್ಟಿಗೂ ಅಂಕ. ಅಲ್ಲಿ ಚುರುಕಿಗೆ ಬೆಲೆ.

ಈ ಎರಡನ್ನೂ ಬಲ್ಲವರು ಖಾಶಾಬಾ ಜಾಧವರು. ಅವರ ಊರು ಕರಾಡದ ಬಳಿಯ ಗೋಳೇಶ್ವರ. ನಿಡಗುಂದಿಯ ಬದಿಯಲ್ಲಿ ಹರಿಯುವ ಕೃಷ್ಣೆಯು ಆ ಸೀಮೆಯನ್ನು ದಾಟಿಯೇ ಇತ್ತ ಬರುತ್ತಾಳೆ. ಕುಳ್ಳು ಮೈಕಟ್ಟು, ಮಣ್ಣಿನಲ್ಲಿ ಕಲಿತ ವಿದ್ಯೆ. 1948ರಲ್ಲಿ ಲಂಡನ್ನಿನ ಮ್ಯಾಟಿನ ಮೇಲೆ ಆರನೆಯ ಸ್ಥಾನ. 1952ರಲ್ಲಿ ಹೆಲ್ಸಿಂಕಿಯಲ್ಲಿ ಬ್ಯಾಂಟಮ್ ತೂಕದಲ್ಲಿ ಕಂಚಿನ ಪದಕ. ಸ್ವತಂತ್ರ ಭಾರತಕ್ಕೆ ಒಬ್ಬನೇ ಗೆದ್ದು ತಂದ ಮೊದಲ ಒಲಿಂಪಿಕ್ ಪದಕ ಅದು. ಅವರ ಪ್ರಯಾಣದ ಖರ್ಚಿಗೆ ಕೊಲ್ಹಾಪುರದ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ ಒತ್ತೆಯಿಟ್ಟರು. ಕಸುವಿನ ಪಕ್ಷದವರಿಗೂ ಉದಾಹರಣೆ ಉಂಟು: ಬೆಳಗಾವಿ ಜಿಲ್ಲೆಯ ಏಕಸಂಬೆಯಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆಯವರು 1959ರಲ್ಲಿ ಮೊದಲ ಹಿಂದ್ ಕೇಸರಿಯಾದದ್ದು ಮಣ್ಣಿನ ಭಾರೀ ಪೈಲವಾನರ ಸಾಲಿನಲ್ಲಿ ನಿಂತು. ಆದರೆ ಖಂಚನಾಳೆಯವರಿಗೆ ಡಾವು ಬಾರದೆಂದೋ, ಜಾಧವರಿಗೆ ಕಸುವಿರಲಿಲ್ಲವೆಂದೋ ಗರಡಿಯಲ್ಲಿ ಹೇಳಿ ನೋಡಿ! ವಸ್ತಾದರು ನಕ್ಕಾರು, ಇಲ್ಲವೇ ನೂರು ಬೈಠಕ್ ಹೊಡೆಯಲು ಹೇಳಿಯಾರು.

ಜಾತ್ರೆಯ ಕುಸ್ತಿ ತೊಡಗುವುದು ಬಿಸಿಲು ಇಳಿದ ಮೇಲೆ. ಜೋಡಿ ಕಟ್ಟುವ ಹಿರಿಯರ ಬಳಿ ತಕ್ಕಡಿ ಇರುವುದಿಲ್ಲ, ಕಣ್ಣೇ ತಕ್ಕಡಿ. ಹುಡುಗರನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸುತ್ತಾರೆ, ಹೆಗಲು ಮುಟ್ಟಿ ನೋಡುತ್ತಾರೆ, ಯಾವ ಗರಡಿಯವನೆಂದು ವಿಚಾರಿಸುತ್ತಾರೆ. ಕಡೆಯ ಜೋಡಿಗೆ ಬೆಳ್ಳಿಯ ಕಡೆ. ಮೊದಲ ಜೋಡಿಗಳಿಗೆ ತೆಂಗಿನಕಾಯಿ. ಈ ಕಾಯಿ ಕುಸ್ತಿಯನ್ನು ಹೆಚ್ಚಿನ ಜನ ಗಮನಿಸುವುದಿಲ್ಲ, ಇನ್ನೂ ಮಿರ್ಚಿ ಭಜಿಯ ಅಂಗಡಿಯ ಮುಂದೆಯೇ ಇರುತ್ತಾರೆ. ಕಣದಲ್ಲಿ ಎಂಟು ಹತ್ತು ವರುಷದ ಇಬ್ಬರು ಹುಡುಗರು ಪರಸ್ಪರರ ಅಂಗೈಗೆ ಮಣ್ಣು ಹಚ್ಚುತ್ತಾರೆ. ಒಬ್ಬನು ದುಂಡಗೆ ಬೆಳೆದವನು, ಮನೆಯಲ್ಲಿ ಎಮ್ಮೆ ಇದ್ದೀತು. ಇನ್ನೊಬ್ಬನ ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದು. ಹಲಗೆ ಬೀಳುತ್ತದೆ. ದುಂಡಗಿನವನು ನೂಕುತ್ತಾನೆ, ಮತ್ತೆ ನೂಕುತ್ತಾನೆ. ಎಲುಬಿನವನು ಹಿಂದೆ ಸರಿಯುತ್ತಾ ಸರಿಯುತ್ತಾ ಕಣದ ಅಂಚಿನಲ್ಲಿ ಕುಳಿತ ವಸ್ತಾದರ ಕಡೆಗೆ ಒಮ್ಮೆ ಕಣ್ಣು ಹಾಯಿಸುತ್ತಾನೆ. ಅವರು ಏನೂ ಹೇಳುವುದಿಲ್ಲ. ತಮ್ಮ ಬಲಗಾಲನ್ನು ಮಾತ್ರ ಸ್ವಲ್ಪ ಒಳಕ್ಕೆಳೆದುಕೊಳ್ಳುತ್ತಾರೆ.